ಔಟ್‌ಬೋರ್ಡ್ ಮೋಟಾರ್‌ಗೆ ಎಳೆತ ಕಡಿಮೆಯಾದರೆ ಆಯಿಲ್ ಜಾಸ್ತಿ ಹಾಕಬೇಕೇ?

"ಮೋಟಾರ್ ಎಳೆಯುತ್ತಿಲ್ಲವೇ? ಆಯಿಲ್ ಸ್ವಲ್ಪ ಜಾಸ್ತಿ ಬೆರೆಸಿ ನೋಡಿ." ಸಣ್ಣ ದೋಣಿ ಇಟ್ಟುಕೊಂಡವರಿಗೆ ಈ ಸಲಹೆ ಹೊಸತಲ್ಲ. ಆದರೆ ಇದು ತಪ್ಪು. ಆಯಿಲ್ ಇರುವುದು ಎಂಜಿನ್‌ನ ಒಳಭಾಗ ಸವೆಯದಿರಲಿ ಎಂದು. ಶಕ್ತಿ ಬರುವುದು ಪೆಟ್ರೋಲ್ ಅಥವಾ ಸೀಮೆಎಣ್ಣೆ ಉರಿದಾಗ. ಟೂ-ಸ್ಟ್ರೋಕ್ ಮೋಟಾರ್‌ಗೆ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಆಯಿಲ್ ಹಾಕಿದರೆ ಪ್ಲಗ್‌ಗೆ ಮಸಿ ಹಿಡಿದು ಎಳೆತ ಮತ್ತಷ್ಟು ಕುಸಿಯುತ್ತದೆ. ಫೋರ್-ಸ್ಟ್ರೋಕ್‌ನಲ್ಲಂತೂ ಇಂಧನಕ್ಕೆ ಆಯಿಲ್ ಬೆರೆಸುವ ಕ್ರಮವೇ ಇಲ್ಲ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನ ನಾಡದೋಣಿಗಳಿಗೆ, 10 ಅಶ್ವಶಕ್ತಿವರೆಗಿನ ಮೋಟಾರ್ ಕಟ್ಟಿದ ದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲದಲ್ಲಿ ಅಳಿವೆ ದಾಟುವಾಗ ಮೋಟಾರ್ ಸೊರಗಿದರೆ ದೋಣಿ ತೆರೆಗೆ ಅಡ್ಡವಾಗಿ ಮಗುಚಬಹುದು. ಹಾಗಾಗಿ ದೋಷವನ್ನು ಹೊರಡುವ ಮೊದಲೇ ಹುಡುಕಬೇಕು.

ಮೊದಲು ಎಂಜಿನ್‌ನ ಸದ್ದು ಕೇಳಿ. ಸದ್ದು ಜೋರಾಗಿದ್ದು ದೋಣಿ ಮಾತ್ರ ಓಡದಿದ್ದರೆ ಎಂಜಿನ್ ಬಿಚ್ಚುವ ಅಗತ್ಯವಿಲ್ಲ, ಪ್ರೊಪೆಲ್ಲರ್ ನೋಡಿ. ಹಲವು ಪ್ರೊಪೆಲ್ಲರ್‌ಗಳ ನಡುವೆ ರಬ್ಬರ್ ಬುಷ್ ಇರುತ್ತದೆ. ಅದು ಜಾರತೊಡಗಿದರೆ ಶಾಫ್ಟ್ ತಿರುಗುತ್ತದೆ, ರೆಕ್ಕೆ ಅಷ್ಟು ತಿರುಗುವುದಿಲ್ಲ. ಎಂಜಿನ್ ಆಫ್ ಮಾಡಿ, ಸ್ಟಾಪ್ ಸ್ವಿಚ್‌ನ ಕ್ಲಿಪ್ ಕಿತ್ತು, ಒಳಗಿನ ಲೋಹದ ಭಾಗದಿಂದ ಹೊರಗಿನ ಭಾಗಕ್ಕೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಒಂದು ಸುತ್ತು ಹೋಗಿ ಬಂದಾಗ ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಕಂಡರೆ ಬುಷ್ ಹೋಗಿದೆ. ಮೋಟಾರನ್ನು ತೀರಾ ಮೇಲೆ ಕಟ್ಟಿದ್ದರೂ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಹೀಗೆಯೇ ಆಗುತ್ತದೆ.

ಸದ್ದೇ ಏರುತ್ತಿಲ್ಲವೇ? ಆಗ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ ನೋಡಿ. ನಗಬೇಡಿ, ಇದನ್ನು ಮರೆಯುವವರು ಬಹಳ. ಗಾಳಿ ಒಳಹೋಗದಿದ್ದರೆ ಇಂಧನ ಹೊರಬರುವುದಿಲ್ಲ. ಪೈಪಿನ ನಡುವಿನ ರಬ್ಬರ್ ಪಂಪ್ ಚಪ್ಪಟೆಯಾಗುತ್ತದೆ. ಸ್ಕ್ರೂ ಸರಿಯಿದ್ದರೆ, ಮೋಟಾರ್ ಸೊರಗಿದಾಗ ಆ ಪಂಪನ್ನು ಹಿಸುಕಿ. ತಕ್ಷಣ ಚೇತರಿಸಿಕೊಂಡರೆ ತೊಂದರೆ ಇಂಧನದ ಕಡೆಯೇ: ಫಿಲ್ಟರ್ ಕಟ್ಟಿರಬಹುದು, ಪೈಪಿಗೆ ಗಾಳಿ ನುಗ್ಗುತ್ತಿರಬಹುದು, ಇಂಧನ ಪಂಪ್ ದುರ್ಬಲವಾಗಿರಬಹುದು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹೆಚ್ಚು ದಿನ ಇಟ್ಟರೆ ನೀರು ಕೆಳಗೆ ಕೂರಬಹುದು. ಕಳೆದ ಸೀಸನ್‌ನ ಪೆಟ್ರೋಲ್ ಬಳಸದಿರುವುದೇ ಒಳ್ಳೆಯದು.

ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹಿಡಿದಿದ್ದರೂ ಮೋಟಾರ್ ಏದುಸಿರು ಬಿಡುತ್ತದೆ. ಹಾಯಿದೋಣಿಯವರಿಗೆ ಇನ್ನೊಂದು ವಿಷಯ: ನೀರನ್ನು ಸೀಳಿ ಸಾಗುವ ಇಂಥ ದೋಣಿಗೆ ಉದ್ದಕ್ಕೆ ತಕ್ಕ ವೇಗದ ಮಿತಿ ಇದೆ. ನೀರಿನ ಮಟ್ಟದಲ್ಲಿ 20 ಅಡಿ ಉದ್ದವಿದ್ದರೆ ಅದು ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿ.ಮೀ. ಅಲ್ಲಿಗೆ ತಲುಪಿದ ಮೇಲೆ ಆಕ್ಸಿಲರೇಟರ್ ತಿರುವಿದರೆ ಇಂಧನ ಮಾತ್ರ ಸುಡುತ್ತದೆ.

ಓಡುವಾಗ ಮೋಟಾರಿನ ಬದಿಯಿಂದ ಚಿಮ್ಮುವ ನೀರಿನ ಎಳೆ ನಿಂತರೆ ತಕ್ಷಣ ಆಫ್ ಮಾಡಿ. ತಂಪಾಗಿಸುವ ನೀರು ಬರುತ್ತಿಲ್ಲ. ಇದೇ ಕಾರಣಕ್ಕೆ ನೀರಿಲ್ಲದೆ ದಡದ ಮೇಲೆ ಚಾಲೂ ಮಾಡಿ ನೋಡುವುದೂ ಬೇಡ. ಪ್ರೊಪೆಲ್ಲರ್ ಬಿಚ್ಚಿದಾಗ ಹಿಂದೆ ಬಲೆಯ ನೂಲು ಸುತ್ತಿಕೊಂಡಿದೆಯೇ ಗಮನಿಸಿ, ಅದು ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ. ಸೀಲ್ ಬದಲಾಯಿಸುವ ತನಕ ಕಡಲಿಗೆ ಒಯ್ಯಬೇಡಿ.