ಓಡಿದ ಇಲಿಯ ಮಿದುಳಿನಲ್ಲಿ ಸ್ಕ್ಯಾನರ್ ಕಂಡದ್ದೇನು?

2011ರಲ್ಲಿ ಅಮೆರಿಕದ 120 ಹಿರಿಯರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ವರ್ಷವಿಡೀ ವಾಕಿಂಗ್ ಮಾಡಿದ ಗುಂಪಿನವರ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ಶೇ 2ರಷ್ಟು ಹಿಗ್ಗಿತ್ತು. ಅಂದಿನಿಂದ ‘ನಡೆದರೆ ಮಿದುಳು ಬೆಳೆಯುತ್ತದೆ’ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತಿದೆ. ಬೆಳೆದದ್ದು ನರಕೋಶವೋ, ರಕ್ತನಾಳವೋ, ನಡುವಿನ ದ್ರವವೋ ಎಂದು ಕೇಳುವವರು ಕಡಿಮೆ. ಆ ಉತ್ತರಕ್ಕೆ ಪ್ರಾಣಿಗಳ ಮಿದುಳಿನ ಅಧ್ಯಯನವನ್ನೇ ನೋಡಬೇಕು.

1977ರಲ್ಲಿ ಸಂಶೋಧಕ ಲೂಯಿ ಸೊಕೊಲಾಫ್ ವಿಕಿರಣಶೀಲ ಸಕ್ಕರೆಯ ವಿಧಾನ ತಂದರು. ದುಡಿಯುವ ಭಾಗ ಆ ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆಮೇಲೆ ಮಿದುಳನ್ನು ಸೀಳಿ ಫಿಲ್ಮಿನ ಮೇಲಿಟ್ಟರೆ ಆ ಭಾಗ ಕಪ್ಪಾಗಿ ಮೂಡುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿದ ಇಲಿಗಳನ್ನೂ ಹೀಗೆ ನೋಡಿದ್ದುಂಟು. 1990ರಲ್ಲಿ ವಿಲಿಯಂ ಗ್ರೀನೊ ತಂಡ ಇನ್ನೂ ಮುಂದೆ ಹೋಯಿತು: ಅಡೆತಡೆ ದಾಟಲು ಕಲಿತ ಇಲಿಗಳ ಸೆರೆಬೆಲ್ಲಮ್‌ನಲ್ಲಿ ಸಿನಾಪ್ಸ್ (ನರಕೋಶಗಳ ನಡುವಿನ ಸಂಧಿ) ಹೆಚ್ಚಿದ್ದವು, ಬರೀ ಓಡಿದವುಗಳಲ್ಲಿ ರಕ್ತನಾಳ ಹೆಚ್ಚಿದ್ದವು. ಈ ಕ್ಷೇತ್ರದ ಅತ್ಯಂತ ಮುಖ್ಯ ಫಲಿತಾಂಶ ಇದೇ ಎಂಬುದು ನನ್ನ ಅಭಿಪ್ರಾಯ. 1999ರಲ್ಲಿ ಓಡುವ ಇಲಿಗಳಲ್ಲಿ ಹೊಸ ನರಕೋಶಗಳು ಹೆಚ್ಚುವುದನ್ನು ಹೆನ್ರಿಯೆಟ್ ವಾನ್ ಪ್ರಾಗ್ ಮತ್ತು ಫ್ರೆಡ್ ಗೇಜ್ ತೋರಿಸಿದರು.

ಎಂಆರ್‌ಐ ಈ ಕ್ಷೇತ್ರಕ್ಕೆ ಬಂದದ್ದು ಇದರ ಬೆನ್ನಿಗೆ. 2003ರಲ್ಲಿ ಚಕ್ರದಲ್ಲಿ ಓಡಿದ ಇಲಿಗಳ ಮೋಟಾರ್ ಕಾರ್ಟೆಕ್ಸ್‌ನಲ್ಲಿ ರಕ್ತದ ಪ್ರಮಾಣ ಹೆಚ್ಚಿದ್ದು ಕಂಡಿತು. 2007ರಲ್ಲಿ ಅನಾ ಪೆರೇರಾ ಮತ್ತು ಸಂಗಡಿಗರು ಹಿಪೊಕ್ಯಾಂಪಸ್ಸಿನ ಭಾಗವಾದ ಡೆಂಟೇಟ್ ಗೈರಸ್‌ನಲ್ಲಿ ಅದನ್ನೇ ಅಳೆದು, ನಂತರ ಅವೇ ಇಲಿಗಳ ಹೊಸ ಕೋಶಗಳನ್ನು ಎಣಿಸಿ, ಎರಡೂ ಜೊತೆಜೊತೆಗೇ ಏರುವುದನ್ನು ತೋರಿಸಿದರು. ಆ ಎಣಿಕೆ ಇಲ್ಲದಿದ್ದರೆ ಅದು ಬರೀ ಬಣ್ಣದ ನಕ್ಷೆಯಾಗಿ ಉಳಿಯುತ್ತಿತ್ತು. ಈಚಿನ ಹಲವು ಪ್ರಬಂಧಗಳು ಗಾತ್ರ ಅಳೆದು ಅಲ್ಲಿಗೇ ನಿಲ್ಲುತ್ತವೆ. ಇಲಿಯ ಎಂಆರ್‌ಐಯಲ್ಲಿ ಒಂದು ಚುಕ್ಕೆ ಎಂದರೆ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಅಷ್ಟರೊಳಗೇ ಹತ್ತಾರು ನರಕೋಶಗಳಿರುತ್ತವೆ. ಸಾಲದ್ದಕ್ಕೆ ಇಲಿ ಅಲುಗಾಡಬಾರದೆಂದು ಅರಿವಳಿಕೆ ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಐಸೊಫ್ಲುರೇನ್ ತಾನೇ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ.

ಇನ್ನು ನಮ್ಮಲ್ಲಿ ನಡೆದ ಕೆಲಸ. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಆಶಾದೇವಿ ಮತ್ತು ಅವರ ವಿದ್ಯಾರ್ಥಿಗಳು ಮುಪ್ಪಾಗುತ್ತಿರುವ ಇಲಿಗಳಿಗೆ ವ್ಯಾಯಾಮ ಮಾಡಿಸಿ, ಇ ಜೀವಸತ್ವ ಕೊಟ್ಟು, ಮಿದುಳಿನ ಒಂದೊಂದು ಭಾಗದಲ್ಲೂ ಉತ್ಕರ್ಷಣ ನಿರೋಧಕ ಕಿಣ್ವಗಳನ್ನು ಬೇರೆ ಬೇರೆಯಾಗಿ ಅಳೆದರು. 2004ರ ಅವರ ಪ್ರಬಂಧ ಮಿದುಳನ್ನು ಒಂದೇ ಮುದ್ದೆಯಾಗಿ ನೋಡಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿ.ಆರ್. ರಾಜು, ಬಿ.ಎಸ್. ಶಂಕರನಾರಾಯಣ ರಾವ್ ಅವರ ಪ್ರಯೋಗಾಲಯ ಗಾಲ್ಜಿ ವಿಧಾನವನ್ನು ಬೆಳೆಸಿತು. ಬೆಳ್ಳಿಯ ಲವಣದಲ್ಲಿ ನೆನೆದ ತುಣುಕಿನಲ್ಲಿ ಕೆಲವೇ ನರಕೋಶಗಳು ಕಪ್ಪಾಗುತ್ತವೆ, ಆದರೆ ಬೇರಿನಿಂದ ತುದಿಯವರೆಗೂ ಕಾಣುತ್ತವೆ. ಸೂಕ್ಷ್ಮದರ್ಶಕದಡಿ ಒಂದೊಂದು ಕೋಶದ ಕವಲುಗಳನ್ನು ಕೈಯಲ್ಲಿ ಬಿಡಿಸಿ, ಮೇಲೆ ವೃತ್ತಗಳನ್ನಿಟ್ಟು, ಎಲ್ಲೆಲ್ಲಿ ದಾಟುತ್ತವೆಂದು ಎಣಿಸಬೇಕು. ಒಂದು ಕೋಶಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. 2009ರಲ್ಲಿ ಇದೇ ತಂಡ, 21 ದಿನ ಒತ್ತಡಕ್ಕೆ ಸಿಕ್ಕ ಇಲಿಗಳನ್ನು ವಿಶಾಲ ಗೂಡು, ಆಟಿಕೆ, ಜೊತೆಗಾರರ ನಡುವೆ ಬಿಟ್ಟಾಗ ಹಿಪೊಕ್ಯಾಂಪಸ್‌ನ ಕೋಶವಿಭಜನೆ ಚೇತರಿಸಿಕೊಂಡದ್ದನ್ನು ವರದಿ ಮಾಡಿತು. ಅಂಥ ಗೂಡಿನಲ್ಲಿ ಓಡಾಟದ ಪಾಲೆಷ್ಟು, ಸಂಗದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ನಿಜ. ಆದರೂ ಸ್ಕ್ಯಾನರ್ ಪ್ರಬಂಧಗಳ ಸಮೀಕ್ಷೆಗಳಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಹೋಲಿಕೆಗೆ ಇಟ್ಟುಕೊಳ್ಳುವ ಇಲಿಯೇ ಇನ್ನೊಂದು ತೊಡಕು. ಚಿಕ್ಕ ಪೆಟ್ಟಿಗೆಯಲ್ಲಿ ಹುಟ್ಟಿ, ಅಲ್ಲೇ ತಿಂದು ಮಲಗಿದ ಜೀವವನ್ನು ‘ಸಾಮಾನ್ಯ’ ಎಂದುಕೊಂಡಿದ್ದೇವೆ. ಬಯಲಿನಲ್ಲಿಟ್ಟ ಚಕ್ರಕ್ಕೆ ಕಾಡಿಲಿಗಳು ತಾವಾಗಿಯೇ ಬಂದು ಓಡಿದ್ದನ್ನು ನೆದರ್ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ದಾಖಲಿಸಿದ್ದಾರೆ. ಓಟದಿಂದ ಮಿದುಳು ಬೆಳೆಯಿತೋ, ಕೂತದ್ದರಿಂದ ಸೊರಗಿದ್ದು ಸರಿಹೋಯಿತೋ? ಕಲಬುರಗಿ ಜಿಲ್ಲೆಯ ಇಜೇರಿಯ ಕಡೆ ಎರೆ ಹೊಲದಲ್ಲಿ ಕುಂಟೆ ಎಳೆಯುವ ಎತ್ತು ದುಡಿಯುತ್ತದೆ, ದಾರಿ ನೆನಪಿಡುತ್ತದೆ, ಬಿಸಿಲು ತಡೆಯುತ್ತದೆ. ಅಂಥ ದುಡಿಮೆಯ ಪ್ರಾಣಿಯ ಮಿದುಳಿನ ಬಗ್ಗೆ ಪೆಟ್ಟಿಗೆಯ ಇಲಿಯಿಂದ ಎಷ್ಟು ಹೇಳಲು ಬರುತ್ತದೆ?

ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ಗಾಲ್ಜಿ ಬಲ್ಲ ಕೈಗಳಿವೆ. ಓಡುವ ಮೊದಲೊಮ್ಮೆ, ಓಡಿದ ಮೇಲೊಮ್ಮೆ ಚಿತ್ರ ತೆಗೆದು, ಅದೇ ಪ್ರಾಣಿಯ ಮಿದುಳನ್ನು ತುಣುಕಿನಲ್ಲಿ ಎಣಿಸುವ ಜಂಟಿ ಯೋಜನೆಗಳಿಗೆ ಹಣ ಒದಗಿಸಬೇಕು. ಗಾಲ್ಜಿ ಕಲಿತವರು ನಿವೃತ್ತರಾಗುವ ಮೊದಲೇ ಹೊಸ ವಿದ್ಯಾರ್ಥಿಗಳನ್ನು ಅವರ ಬಳಿ ಕಳಿಸಬೇಕು.