ಬಾಗಲಕೋಟೆ ಜಿಲ್ಲೆಯ ಹಿನ್ನೀರು ಪ್ರದೇಶ ಮತ್ತು ಕ್ರೌಂಚ ಪಕ್ಷಿಗಳ ಸಂರಕ್ಷಣೆ

ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ನಿರ್ಮಿಸಲಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಜಲಾಶಯದ ಹಿನ್ನೀರು ಘಟಪ್ರಭಾ ಪಾತ್ರದಲ್ಲಿ ಬಾಗಲಕೋಟೆ ನಗರದವರೆಗೆ ವ್ಯಾಪಿಸಿರುತ್ತದೆ. ಹಳೆಯ ನಗರದ ಒಂದು ಭಾಗ ಮುಳುಗಡೆಯಾಗಿ ನವನಗರ ನಿರ್ಮಾಣವಾದುದು ಇದೇ ನೀರಿನಿಂದ. 519.60 ಮೀಟರ್ ಮಟ್ಟಕ್ಕೆ ತುಂಬುವ ಜಲಾಶಯವು ಚಳಿಗಾಲದಿಂದ ಇಳಿಯತೊಡಗಿದಾಗ ಹೆರಕಲ್ ಮುಂತಾದೆಡೆ ಕೆಸರು ದಂಡೆಗಳು ತೆರೆದುಕೊಂಡು ವಲಸೆ ಹಕ್ಕಿಗಳಿಗೆ ನೆಲೆಯಾಗುತ್ತವೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮದ ಬಳಿ ಇರುವುದು ನಾರಾಯಣಪುರ ಜಲಾಶಯದ ಹಿನ್ನೀರು.

ಇಲ್ಲಿಗೆ ಬರುವ ಕ್ರೌಂಚಗಳಲ್ಲಿ ಮುಖ್ಯವಾದುದು ಡೆಮೊಯಿಸೆಲ್ ಕ್ರೌಂಚ. ಮಧ್ಯ ಏಷ್ಯಾ ಹಾಗೂ ಮಂಗೋಲಿಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಈ ಪಕ್ಷಿಯ ಎತ್ತರ ಸುಮಾರು 90 ಸೆಂ.ಮೀ.; ಕತ್ತು ಕಪ್ಪು, ಕಣ್ಣಿನ ಹಿಂದೆ ಬಿಳಿಯ ಗರಿಗುಚ್ಛ. ಅದಕ್ಕಿಂತ ದೊಡ್ಡದಾದ, ನೆತ್ತಿಯ ಮೇಲೆ ಕೆಂಪು ಮಚ್ಚೆಯುಳ್ಳ ಸಾಮಾನ್ಯ ಕ್ರೌಂಚವು ಚಳಿಗಾಲವನ್ನು ಹೆಚ್ಚಾಗಿ ಗುಜರಾತ್, ರಾಜಸ್ಥಾನಗಳಲ್ಲಿ ಕಳೆಯುತ್ತದೆ, ಕರ್ನಾಟಕದಲ್ಲಿ ಅಪರೂಪ. ಜನಬಳಕೆಯಲ್ಲಿ ಇವೆಲ್ಲವೂ ಕೊಕ್ಕರೆಗಳೇ. ಆದರೆ ಬೆಳ್ಳಕ್ಕಿಯಂತೆ ಕತ್ತು ಮಡಚದೆ ನೀಳವಾಗಿ ಚಾಚಿ ಹಾರುವುದು, ಮರದ ಮೇಲೆ ಕೂರದಿರುವುದು ಕ್ರೌಂಚದ ಗುರುತು. ಹಗಲು ಹೊಲಗಳಲ್ಲಿ ಕಾಳು ಆಯ್ದು, ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತೇ ವಿಶ್ರಮಿಸುವುದರಿಂದ ಇವಕ್ಕೆ ಹೊಲ ಮತ್ತು ನೀರು ಎರಡೂ ಸಮೀಪದಲ್ಲಿರಬೇಕು.

ಕಾನೂನಿನ ಸ್ಥಿತಿಯನ್ನು ಅರ್ಜಿದಾರರು ಸರಿಯಾಗಿ ಅರಿಯುವುದು ಅವಶ್ಯ. ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017ರ ವ್ಯಾಖ್ಯೆಯು ನದೀಪಾತ್ರಗಳನ್ನೂ ನೀರಾವರಿಗೆಂದೇ ಕಟ್ಟಲಾದ ರಚನೆಗಳನ್ನೂ ಹೊರಗಿಟ್ಟಿದೆ. ಆದುದರಿಂದ ಹಿನ್ನೀರಿನ ದಂಡೆಗೆ ಈ ನಿಯಮಗಳ ಆಶ್ರಯ ಸುಲಭವಾಗಿ ದೊರೆಯದು. ಹಕ್ಕಿಗಳಿಗಿರುವ ಮುಖ್ಯ ರಕ್ಷಣೆ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972. ಬಲೆ, ಉರುಲು, ವಿಷಪ್ರಾಶನಗಳೂ ಈ ಕಾಯ್ದೆಯನ್ವಯ ಬೇಟೆಯೇ ಆಗಿರುತ್ತವೆ. ನೆಲೆಯ ರಕ್ಷಣೆಗೆ ಇದೇ ಕಾಯ್ದೆಯ 36-ಎ ಪ್ರಕರಣದಡಿ, ಸ್ಥಳೀಯರೊಡನೆ ಸಮಾಲೋಚಿಸಿ, ಸರ್ಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಅವಕಾಶವಿದೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ ಇಂತಹ ಮೀಸಲು. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು.

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳ ನಾಗರಿಕರು ಬೇಟೆ ಅಥವಾ ಗಾಯಗೊಂಡ ಪಕ್ಷಿಯ ಬಗ್ಗೆ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ಅರಣ್ಯ ಕಚೇರಿಗೆ ಮಾಹಿತಿ ನೀಡಬಹುದು. ಕೆರೆ ಒತ್ತುವರಿ ಕುರಿತ ದೂರನ್ನು ಆಯಾ ತಹಶೀಲ್ದಾರರಿಗೆ ಸರ್ವೆ ನಂಬರ್ ಸಹಿತ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.