ತಾಯಿ ಹಾಲಿನ ಮೇಲೆ ಬಿದ್ದ ಅನುಮಾನ

ಪರೇಲಿನಲ್ಲಿ ಇಳಿದು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕಡೆ ನೀವು ಎಂದಾದರೂ ನಡೆದಿರಬಹುದು. ವಿಜಯಪುರದಿಂದಲೋ ಕಲಬುರಗಿಯಿಂದಲೋ ಫೈಲು ಹಿಡಿದು ಬಂದ ನಂಟರಿಗೆ ಜೊತೆಯಾಗಿ, ದುಭಾಷಿಯಾಗಿ. ಆ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಅದರ ನೆರಳಿನಲ್ಲೇ 1952ರಲ್ಲಿ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ತಲೆಯೆತ್ತಿತು. ಅಲ್ಲಿ ಇಲಿಗಳ ನಡುವೆ ವರ್ಷಗಟ್ಟಲೆ ಕಳೆದ ಒಬ್ಬ ಹೆಂಗಸಿನ ಕಥೆ ಇದು.

ಹೆಸರು ಕಮಲ್ ರಣದಿವೆ. ಹುಟ್ಟಿದ್ದು 1917ರಲ್ಲಿ, ಪುಣೆಯಲ್ಲಿ. ಮಗಳು ಡಾಕ್ಟರಾಗಲಿ, ಡಾಕ್ಟರನ್ನೇ ಮದುವೆಯಾಗಲಿ ಎಂಬುದು ಅಪ್ಪನ ಆಸೆ. ಮಗಳು ಓದಿದ್ದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಕೈಹಿಡಿದದ್ದು ಗಣಿತದವರನ್ನು. ಎಂಎಸ್ಸಿಗೆ ಸೀತಾಫಲದ ಕುಟುಂಬದ ಗಿಡಗಳ ಜೀವಕೋಶ ಪರೀಕ್ಷಿಸಿದವರು, ಮದುವೆಯ ನಂತರ ಮುಂಬಯಿಗೆ ಬಂದು ಟಾಟಾ ಆಸ್ಪತ್ರೆ ಸೇರಿದರು. ಅಲ್ಲಿ ರೋಗವಿಜ್ಞಾನಿ ವಿ. ಆರ್. ಖಾನೋಲ್ಕರ್ ಗುರುವಾಗಿ ಸಿಕ್ಕರು. 1949ರಲ್ಲಿ ಪಿಎಚ್‌ಡಿ ಆಯಿತು. ಆಮೇಲೆ ಅಮೆರಿಕದ ಬಾಲ್ಟಿಮೋರ್, ಜಾರ್ಜ್ ಗೇ ಅವರ ಪ್ರಯೋಗಾಲಯ. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳನ್ನು 1951ರಲ್ಲಿ ಬೆಳೆಸಿದ ಜಾಗ ಅದೇ. ದೇಹದ ಹೊರಗೆ, ಗಾಜಿನ ಸೀಸೆಯಲ್ಲಿ ಕೋಶ ಬದುಕಿಸುವ ಆ ವಿದ್ಯೆ ಕಲಿತು ಬಂದ ಕಮಲಾಬಾಯಿ ಅದಕ್ಕಾಗಿ ದೇಶದ ಮೊದಲ ಪ್ರಯೋಗಾಲಯವನ್ನು ಪರೇಲಿನಲ್ಲಿ ಕಟ್ಟಿದರು.

ಈಗ ಇಲಿಗೆ ಬರೋಣ. 1936ರಲ್ಲಿ ಅಮೆರಿಕದ ಜಾನ್ ಬಿಟ್ನರ್ ಒಂದು ವಿಚಿತ್ರ ಕಂಡರು. ಸ್ತನ ಕ್ಯಾನ್ಸರ್ ಹೆಚ್ಚಾಗಿ ಬರುವ ತಳಿಯ ಮರಿಗಳನ್ನು ಬೇರೆ ತಳಿಯ ತಾಯಿಯ ಹಾಲಿನಲ್ಲಿ ಬೆಳೆಸಿದರೆ ರೋಗ ಕಡಿಮೆ! ಅಂದರೆ ರೋಗದ ಬೀಜ ಹಾಲಿನಲ್ಲೇ ಹರಿಯುತ್ತಿತ್ತು. ಅದೊಂದು ವೈರಸ್ ಎಂದು ಕ್ರಮೇಣ ತಿಳಿಯಿತು. ಪರೇಲಿನಲ್ಲಿ ಕಮಲಾಬಾಯಿ ಇಲಿಗಳನ್ನಿಟ್ಟುಕೊಂಡು ಇದನ್ನೇ ಬೆನ್ನಟ್ಟಿದರು. ಬರೀ ವೈರಸ್ ಸಾಲದು, ವಂಶಗುಣ, ಹಾರ್ಮೋನು, ವೈರಸ್ ಮೂರೂ ಕೂಡಬೇಕೆಂಬುದು ಅವರ ಕೆಲಸದ ತಿರುಳು. ಇದು ಮುಂದಕ್ಕೆ ಬೇಕಾಗುತ್ತದೆ, ನೆನಪಿರಲಿ.

ಇಲಿಗೆ ಹೀಗಾದರೆ ಮನುಷ್ಯರಿಗೆ? ನಡುವೆ ಕೋತಿ ಇದೆಯಲ್ಲ! 1970ರಲ್ಲಿ ಅಮೆರಿಕದಲ್ಲಿ ರೀಸಸ್ ಕೋತಿಯೊಂದರ ಸ್ತನದ ಗಡ್ಡೆಯಲ್ಲಿ ಚೋಪ್ರಾ ಮತ್ತು ಮೇಸನ್ ಎಂಬ ವಿಜ್ಞಾನಿಗಳು ಹೊಸ ವೈರಸ್ ಕಂಡರು. ರೀಸಸ್ ಅಂದರೆ ನಮ್ಮ ಉತ್ತರ ಭಾರತದ ಕೋತಿಯೇ. 1978ರಲ್ಲಿ ಸರ್ಕಾರ ನಿಷೇಧಿಸುವವರೆಗೆ ವಿದೇಶಿ ಪ್ರಯೋಗಾಲಯಗಳಿಗೆ ಲಕ್ಷಗಟ್ಟಲೆ ಹೋದವು. ಇಲಿ ಆಯಿತು, ಕೋತಿ ಆಯಿತು, ಇನ್ನು ಮನುಷ್ಯರೇ ಎಂದು ಜಗತ್ತಿನ ಕಣ್ಣು ಮುಂಬಯಿಯ ಮೇಲೆ ಬಿತ್ತು.

ಮುಂಬಯಿಯೇ ಏಕೆ? ಇಲ್ಲಿಯ ಪಾರ್ಸಿ ಹೆಂಗಸರಲ್ಲಿ ನಗರದ ಇತರ ಸಮುದಾಯಗಳಿಗಿಂತ ಸ್ತನ ಕ್ಯಾನ್ಸರ್ ಹೆಚ್ಚು. ತಮ್ಮತಮ್ಮಲ್ಲೇ ಮದುವೆಯಾಗುವ ಪುಟ್ಟ ಸಮುದಾಯ ಬೇರೆ. ಅವರ ಎದೆಹಾಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಬಂತು. ಅಮೆರಿಕದ ಡಾನ್ ಮೂರ್ ತಂಡದ ಜೊತೆ ಪರೇಲಿನ ಸತ್ಯವತಿ ಸಿರ್ಸಾಟ್, ಶಸ್ತ್ರವೈದ್ಯ ಪೇಮಾಸ್ಟರ್ ಕೂಡ ಇದ್ದರು. ಇಲಿಯ ವೈರಸ್ಸಿನಂಥ ಕಣಗಳು ಹಾಲಿನಲ್ಲಿ ಕಂಡವೆಂದು 1971ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು. ಆ ಸುದ್ದಿ ಓದಿದ ಬಾಣಂತಿಯ ಮನಸ್ಸು ಹೇಗಾಗಿರಬೇಡ, ನೀವೇ ಊಹಿಸಿ. ತಾನು ಮಗಳಿಗೆ ಕುಡಿಸುತ್ತಿರುವುದು ಹಾಲೋ, ವಿಷವೋ?

ಕಣ ಕಂಡಿತೆಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಆ ಕಣಗಳಿಂದ ಮನುಷ್ಯರಿಗೆ ಸ್ತನ ಕ್ಯಾನ್ಸರ್ ಬರುತ್ತದೆಂದು ಯಾರಿಗೂ ಗಟ್ಟಿಯಾಗಿ ತೋರಿಸಲಾಗಲಿಲ್ಲ. ಕೋತಿಯ ವೈರಸ್ಸೂ ಗಡ್ಡೆ ಹುಟ್ಟಿಸಲಿಲ್ಲ. ಮರಿಕೋತಿಗಳನ್ನು ಸೊರಗಿಸಿತು, ಅವುಗಳ ರೋಗನಿರೋಧಕ ಶಕ್ತಿ ಕುಗ್ಗಿಸಿತು. ಪಾರ್ಸಿ ಹೆಂಗಸರ ಲೆಕ್ಕಕ್ಕೆ ಬೇರೆ ಉತ್ತರವಿತ್ತು: ತಡವಾದ ಮದುವೆ, ತಡವಾದ ಹೆರಿಗೆ, ಒಂದೋ ಎರಡೋ ಮಕ್ಕಳು. ಕೊನೆಗೂ ಹಾರ್ಮೋನಿನ ಬಾಗಿಲೇ! ಕಮಲಾಬಾಯಿಯ ಮೂರರಲ್ಲಿ ಒಂದು ಅದು. ಹಾಗಂತ ವೈರಸ್ ಹುಡುಕಾಟವೇ ದಂಡವೆನ್ನಬೇಡಿ. ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಅದಕ್ಕೆ ಈಗ ಲಸಿಕೆಯೂ ಇದೆ.

ಕಮಲಾಬಾಯಿ 1966ರಿಂದ 1970ರವರೆಗೆ ಸಂಸ್ಥೆಯ ಹಂಗಾಮಿ ನಿರ್ದೇಶಕಿಯಾಗಿದ್ದರು. 1973ರಲ್ಲಿ ಗೆಳತಿಯರೊಡನೆ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟಿದರು. ವಾಶಿಯಲ್ಲಿರುವವರು ಅದರ ಹಾಸ್ಟೆಲನ್ನೂ ಶಿಶುವಿಹಾರವನ್ನೂ ನೋಡಿರಬಹುದು. 1982ರಲ್ಲಿ ಪದ್ಮಭೂಷಣ ಬಂತು. ಅವರ ಸಂಸ್ಥೆ ಈಗ ಖಾರ್ಘರ್‌ನಲ್ಲಿದೆ.

ಹಾಲಿನ ಮೇಲಿನ ಅನುಮಾನ ಏನಾಯಿತು? 30 ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಲೆಕ್ಕ ಕೊಟ್ಟಿತು: ಎದೆಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರಿನ ಅಪಾಯ ಶೇಕಡಾ 4.3ರಷ್ಟು ಇಳಿಯುತ್ತದೆ. ಕಮಲಾಬಾಯಿ ಅದನ್ನು ಓದಲಿಲ್ಲ. ಹಿಂದಿನ ವರ್ಷವೇ, 2001ರಲ್ಲಿ, ತೀರಿಕೊಂಡಿದ್ದರು.